ಯಾವ ಮನೆಗೆ ಏನು ಸಿಗಬೇಕು ಎಂದು ಹೇಳುವವರು ಯಾರು?

ಮಾನ್ಯ ಸಂಪಾದಕರೇ,

ಬಡವರ ಯೋಜನೆಗಳ ಬಗ್ಗೆ ಪತ್ರಿಕೆಗಳಲ್ಲಿ ನಡೆಯುವ ವಾದವನ್ನು ನಾನು ತಪ್ಪದೆ ಓದುತ್ತೇನೆ. ಕೊಡುವುದು ಜಾಸ್ತಿಯಾಯಿತು ಎನ್ನುವವರು ಒಂದು ಕಡೆ, ಸಾಲದು ಎನ್ನುವವರು ಇನ್ನೊಂದು ಕಡೆ. ಈ ಗದ್ದಲದಲ್ಲಿ ಒಂದು ಮಾತು ಬಿಟ್ಟುಹೋಗುತ್ತಿದೆ. ಆಗಲೇ ಆದೇಶವಾಗಿ, ಬಜೆಟ್ಟಿನಲ್ಲಿ ದುಡ್ಡೂ ಇಟ್ಟಿರುವ ನೆರವು ತಮಗೆ ಸಿಗಬೇಕು ಅನ್ನೋದೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಗೊತ್ತು ಮಾಡಿಸುವುದು ಯಾರ ಕೆಲಸ ಎಂದು ಕೇಳಿದರೆ ಉತ್ತರ ಕೊಡುವವರೂ ಇಲ್ಲ. ಅದರ ಬಗ್ಗೆ ಬರೆಯಲು ದಯವಿಟ್ಟು ಸ್ವಲ್ಪ ಜಾಗ ಕೊಡಿ.

ನಾನು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬ್ರಾಂಚ್ ಪೋಸ್ಟ್‌ಮಾಸ್ಟರ್ ಆಗಿದ್ದವಳು. ಚಿಕ್ಕ ಆಫೀಸು. ಠಸ್ಸೆ ಒತ್ತುವವಳೂ ನಾನೇ, ಮನೆಮನೆಗೆ ಹೋಗಿ ಹಂಚುವವಳೂ ನಾನೇ. 2007ರಲ್ಲಿ ವಯಸ್ಸಾದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಶುರುವಾದಾಗ ತಿಂಗಳಿಗೆ 400 ರೂಪಾಯಿ. ಮನಿಯಾರ್ಡರಿನಲ್ಲಿ ಬರುತ್ತಿತ್ತು. ಜಗಲಿ ಮೇಲೆ ಕೂತು ಎಣಿಸಿ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಅಕ್ಕಪಕ್ಕದವರು ಬಂದು ನಿಲ್ಲುತ್ತಿದ್ದರು. ‘ನಮ್ಮ ಅತ್ತೆಗೂ ವಯಸ್ಸಾಯ್ತಲ್ಲ, ಅವರಿಗೂ ಬರುತ್ತಾ ಅಕ್ಕ?’ ಎಂದು ಕೇಳುತ್ತಿದ್ದರು. ಯಾರಿಗೆ ಸಿಗುತ್ತದೆ, ಎಲ್ಲಿ ಅರ್ಜಿ ಹಾಕಬೇಕು ಎಂಬ ಸುದ್ದಿ ಹೀಗೇ ಹರಡುತ್ತಿತ್ತು. ಆಮೇಲೆ ದುಡ್ಡು ಬ್ಯಾಂಕ್ ಖಾತೆಗೆ ಹೋಗತೊಡಗಿತು. ಅದು ಒಳ್ಳೆಯ ಬದಲಾವಣೆ. ಚಿಲ್ಲರೆ ಇಲ್ಲ ಎಂದು ಹತ್ತಿಪ್ಪತ್ತು ರೂಪಾಯಿ ಹಿಡಿದುಕೊಳ್ಳುವ ಕೆಟ್ಟ ಚಾಳಿ ಕೆಲವು ಕಡೆ ಇತ್ತು, ಅದು ನಿಂತಿತು. ಆದರೆ ಕೇಳೋಕೆ ಎದುರಿಗೆ ಒಬ್ಬರು ಇರುತ್ತಿದ್ದರಲ್ಲ, ಅದೂ ನಿಂತಿತು. ನಿವೃತ್ತಿಯಾದ ಮೇಲೂ ಜನ ಕಾಗದ ಹಿಡಿದು ನಮ್ಮ ಮನೆಗೇ ಬರುತ್ತಾರೆ. ಬೇರೆ ಎಲ್ಲಿಗೆ ಹೋಗಬೇಕು ಅವರು?

ನಮ್ಮ ಹಿಂದಿನ ಬೀದಿಯಲ್ಲಿ ಗಾರೆ ಕೆಲಸದವರೊಬ್ಬರಿದ್ದರು. ಐವತ್ತೂ ತುಂಬಿರಲಿಲ್ಲ. ಬೆಳಿಗ್ಗೆ ಎದೆನೋವು ಅಂದವರು ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು. ಮನೆಯಲ್ಲಿ ಹೆಂಡತಿ, ಪಿಯುಸಿ ಓದುವ ಮಗಳು, ಹೈಸ್ಕೂಲಿಗೆ ಹೋಗುವ ಮಗ. ತಿಥಿ ಮುಗಿಯುತ್ತಿದ್ದಂತೆ ಸಂಘದ ಸಾಲದ ಕಂತು ಬಂದು ನಿಂತಿತು. ಆಕೆ ಓಲೆ ಅಡ ಇಟ್ಟು ಕಟ್ಟಿದಳು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಸಿಕ್ಕಿ ‘ವಿಧವಾ ವೇತನ ಮಾಡಿಸಿಕೊಡ್ತೀನಿ, ಮೂರು ಸಾವಿರ ಆಗುತ್ತೆ’ ಎಂದನಂತೆ. ಕೊಡಬಹುದಾ ಎಂದು ಕೇಳಲು ನನ್ನ ಹತ್ತಿರ ಬಂದಳು.

‘ಒಂದು ಪೈಸೆ ಕೊಡಬೇಡ. ಮನೆಯಲ್ಲಿರೋ ಕಾಗದ ಎಲ್ಲಾ ತಗೊಂಡು ಬಾ’ ಎಂದೆ. ಪ್ಲಾಸ್ಟಿಕ್ ಕವರಿನಲ್ಲಿ ತಂದಳು. ರೇಷನ್ ಕಾರ್ಡು, ಆಧಾರ್, ಮಾಸಿಹೋದ ಕಾರ್ಮಿಕರ ಕಾರ್ಡು, ಗಂಡನ ಪಾಸ್‌ಬುಕ್ಕು. ಪಾಸ್‌ಬುಕ್ಕಿಗೆ ಎಷ್ಟೋ ಕಾಲದಿಂದ ಎಂಟ್ರಿಯೇ ಹಾಕಿಸಿರಲಿಲ್ಲ. ಹಾಕಿಸಿ ತಂದಾಗ ಒಂದು ಸಾಲಿನಲ್ಲಿ 436 ರೂಪಾಯಿ ಕಡಿತವಾಗಿತ್ತು.

ಓದುಗರು ಈ ಸಂಖ್ಯೆಯನ್ನು ದಯವಿಟ್ಟು ನೆನಪಿಡಿ. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾದ ವರ್ಷದ ಕಂತು. ಮೊದಲು 330 ಇತ್ತು, 2022ರಿಂದ 436 ಆಗಿದೆ. ಕಂತು ನಡೆಯುತ್ತಿರುವಾಗ ಖಾತೆದಾರರು ತೀರಿಕೊಂಡರೆ, ಕಾಯಿಲೆಯಿಂದಲೇ ಆಗಲಿ, ನಾಮಿನಿಗೆ 2 ಲಕ್ಷ ರೂಪಾಯಿ ಬರುತ್ತದೆ. ಇನ್ನೊಂದು 20 ರೂಪಾಯಿಯದು, ಸುರಕ್ಷಾ ಬಿಮಾ. ಅದು ಅಪಘಾತದಲ್ಲಿ ತೀರಿಕೊಂಡವರಿಗೆ, ಅದೂ 2 ಲಕ್ಷ. ಖಾತೆ ತೆರೆಯುವಾಗ ಹತ್ತು ಕಡೆ ಸಹಿ ಹಾಕಿಸಿಕೊಳ್ಳುತ್ತಾರೆ. ಯಾವ ಸಹಿ ಯಾವುದಕ್ಕೆ ಅಂತ ಹಾಕಿದವರಿಗೇ ಗೊತ್ತಿರುವುದಿಲ್ಲ, ಹೆಂಡತಿಗೆ ಹೇಗೆ ಗೊತ್ತಾಗಬೇಕು? ಮನೆಯವರು ಹೋಗಿ ಫಾರಂ ಕೊಟ್ಟು ಕೇಳದಿದ್ದರೆ ಆ ದುಡ್ಡು ತಾನಾಗಿ ಬರುವುದಿಲ್ಲ. ಆಕೆ ಆ ಬ್ಯಾಂಕಿಗೆ ಮರಣ ಪ್ರಮಾಣಪತ್ರ ಹಿಡಿದು ಆಗಲೇ ಒಮ್ಮೆ ಹೋಗಿಬಂದಿದ್ದಳು. ಖಾತೆಯಲ್ಲಿದ್ದ ಪುಡಿಗಾಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು. ಕೌಂಟರಿನಲ್ಲಿದ್ದವರ ಮುಂದಿನ ಕಂಪ್ಯೂಟರಿನಲ್ಲೇ ಆ ಕಡಿತ ಕಾಣುತ್ತಿರುತ್ತದೆ. ‘ನಿಮಗೆ ವಿಮೆ ಇದೆಯಮ್ಮ’ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ.

ಆಕೆಗೆ ಬರಬೇಕಾದ್ದು ಇನ್ನೂ ಇತ್ತು. ಬಿಪಿಎಲ್ ಮನೆಯಲ್ಲಿ ದುಡಿಯುವ ವ್ಯಕ್ತಿ 18ರಿಂದ 59 ವರ್ಷದೊಳಗೆ ತೀರಿಕೊಂಡರೆ ಕುಟುಂಬಕ್ಕೆ ಒಂದೇ ಸಲ 20,000 ರೂಪಾಯಿ ಕೊಡುವ ಕೇಂದ್ರದ ಯೋಜನೆ ಇದೆ. ವಿಧವಾ ವೇತನ ತಿಂಗಳಿಗೆ 800. ಗಂಡ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿತರಾಗಿದ್ದರೆ ಅಂತ್ಯಕ್ರಿಯೆಗೆ ಬೇರೆ ನೆರವು, ಮಕ್ಕಳ ಓದಿಗೆ ಬೇರೆ. ಈ ಮಂಡಳಿಯ ದುಡ್ಡು ಎಲ್ಲಿಂದ ಬರುತ್ತದೆ ಗೊತ್ತಾ? ಕಟ್ಟಡ ಕಟ್ಟಿಸುವವರು ವೆಚ್ಚದ ಶೇಕಡಾ 1ರಷ್ಟು ಸೆಸ್ ಕಟ್ಟುತ್ತಾರೆ, ಆ ಹಣ ಅದು. ಇಟ್ಟಿಗೆ ಹೊತ್ತವರ ಬೆವರಿಗೆ ಸೇರಿದ್ದು. ಇದನ್ನು ಬಿಟ್ಟಿ ಎಂದು ಕರೆಯುವವರು ಸ್ವಲ್ಪ ಯೋಚಿಸಬೇಕು.

ವಿಮೆ ಬಂತು. 20,000 ಬಂತು. ವೇತನ ಮಂಜೂರಾಯಿತು. ಕಾರ್ಮಿಕರ ಕಾರ್ಡಿನದು ಮಾತ್ರ ಬರಲಿಲ್ಲ, ನವೀಕರಣ ತಪ್ಪಿಹೋಗಿತ್ತು. ಕಾರ್ಡು ಮಾಡಿಸುವಾಗ ಮೇಳ ಮಾಡಿ, ಶಾಮಿಯಾನ ಹಾಕಿ, ಮೈಕಿನಲ್ಲಿ ಕೂಗಿದ್ದರು. ಅವಧಿ ಮುಗಿಯುವಾಗ ಒಂದು ಫೋನೂ ಬರಲಿಲ್ಲ.

ಒಂದು ಸಾವಿಗೆ ಆಕೆ ಅಲೆಯಬೇಕಾಗಿದ್ದ ಜಾಗ ನೋಡಿ. ನಾಡಕಚೇರಿ, ತಾಲ್ಲೂಕು ಕಚೇರಿ, ಬ್ಯಾಂಕು, ಕಾರ್ಮಿಕ ನಿರೀಕ್ಷಕರ ಕಚೇರಿ, ಮಕ್ಕಳ ಶಾಲೆ. ಪ್ರತಿಯೊಂದು ಕಡೆಗೂ ತನ್ನ ಪಾಲಿನದು ಗೊತ್ತು. ಪಕ್ಕದವರದು ಗೊತ್ತಿಲ್ಲ, ಗೊತ್ತಿದ್ದರೂ ಹೇಳುವ ಹೊಣೆ ಇಲ್ಲ. ಆದರೆ ಎಲ್ಲಾ ಕಡೆಯೂ ಕೇಳುವ ಕಾಗದ ಒಂದೇ, ಮರಣ ಪ್ರಮಾಣಪತ್ರ. ಸಾವು ಆದ 21 ದಿನದೊಳಗೆ ನೋಂದಣಿ ಮಾಡಿಸಬೇಕು ಎಂಬ ಕಾನೂನು ಇದೆ. ಹಳ್ಳಿಯ ಜನ ಅಷ್ಟನ್ನು ಹೇಗೋ ಮಾಡಿಸುತ್ತಾರೆ. ನನ್ನ ಬೇಡಿಕೆ ಬಹಳ ಚಿಕ್ಕದು. ಆ ಪ್ರಮಾಣಪತ್ರ ಕೊಡುವ ಕೈಯೇ ಒಂದು ಹಾಳೆಯನ್ನೂ ಕೊಡಲಿ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ 436, 20 ಎಂಬ ಕಡಿತ ಇದೆಯೇ ನೋಡಿ, ವಯಸ್ಸು 60ರ ಒಳಗಿದ್ದರೆ ಈ ಅರ್ಜಿ, ಹೆಂಡತಿ ಇದ್ದರೆ ಈ ಅರ್ಜಿ, ಕಾರ್ಮಿಕರ ಕಾರ್ಡು ಇದ್ದರೆ ಇಲ್ಲಿಗೆ ಹೋಗಿ. ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಒಂದೇ ಹಾಳೆ. ಇದಕ್ಕೆ ಹೊಸ ಯೋಜನೆ ಬೇಡ, ಹೊಸ ಇಲಾಖೆ ಬೇಡ, ಸಮಿತಿಯೂ ಬೇಡ.

ಹಾಗೇ ಹೆರಿಗೆಯಾದಾಗ ಇನ್ನೊಂದು ಹಾಳೆ. ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಇರುವುದರಿಂದ ಬಸುರಿ ಬಾಣಂತಿಯರ ನೆರವು ಹೆಚ್ಚು ಮನೆಗಳಿಗೆ ತಲುಪುತ್ತಿದೆ. ಮನೆ ಬಾಗಿಲಿಗೆ ಬಂದು ‘ತಾಯಿ ಕಾರ್ಡು ತೋರಿಸಿ’ ಎನ್ನುವ ಒಬ್ಬರಿದ್ದರೆ ಎಷ್ಟು ವ್ಯತ್ಯಾಸ ಅನ್ನೋದಕ್ಕೆ ಅದೇ ಸಾಕ್ಷಿ.

ಪಿಂಚಣಿಯ ಕಥೆ ಬೇರೆ. ಅಲ್ಲಿ ಒಮ್ಮೆ ಸಿಕ್ಕಿದ್ದೂ ಹೇಳದೆ ಕೇಳದೆ ನಿಂತುಹೋಗುತ್ತದೆ. ಮೇಲಿನ ಹಟ್ಟಿಯ ಒಬ್ಬ ಅಜ್ಜ ‘ಅವ್ವಾ, ನನ್ನ ಸಂಬ್ಳ ನಿಂತೋಯ್ತು’ ಎಂದು ಬಂದ. ಮೆಡಿಕಲ್ ಸ್ಟೋರಿನಲ್ಲಿ ಬಿಪಿ ಮಾತ್ರೆಗೆ ಸಾಲ ಹೇಳಿ ಸಾಕಾಗಿದ್ದ. ಬ್ಯಾಂಕಿನಲ್ಲಿ ‘ಬಂದಿಲ್ಲ, ನಾಡಕಚೇರಿಗೆ ಹೋಗು’ ಎಂದಿದ್ದರು. ನಾಡಕಚೇರಿಯಲ್ಲಿ ‘ನಮ್ಮಿಂದ ಹೋಗಿದೆ, ಬ್ಯಾಂಕಿನಲ್ಲಿ ಕೇಳು’ ಎಂದಿದ್ದರು. ಇಬ್ಬರೂ ಹೇಳಿದ್ದು ನಿಜವೇ. ಇಂಥ ದುಡ್ಡು ಈಗ ಖಾತೆ ನಂಬರ್ ನೋಡಿ ಹೋಗುವುದಿಲ್ಲ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಆ ಖಾತೆಗೆ ಹೋಗುತ್ತದೆ. ‘ಎನ್‌ಪಿಸಿಐ’ ಎಂದು ಎಲ್ಲರೂ ಹೇಳುವುದು ಇದನ್ನೇ. ಅಜ್ಜನ ಮನೆಗೆ ಯಾರೋ ಬಂದು ಸಾಲ ಕೊಡಿಸುತ್ತೇವೆಂದು ಬೆರಳು ಒತ್ತಿಸಿಕೊಂಡು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ಪಿಂಚಣಿಯೆಲ್ಲ ಅಲ್ಲಿ ಸೇರುತ್ತಿತ್ತು. ತನಗೆ ಅಂಥ ಖಾತೆ ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

‘ಡಿಬಿಟಿ ಕರ್ನಾಟಕ’ ಎಂಬ ಸರ್ಕಾರದ ಆ್ಯಪ್ ಇದೆ. ಆಧಾರ್ ನಂಬರ್ ಹಾಕಿ, ಮೊಬೈಲಿಗೆ ಬರುವ ಒಟಿಪಿ ಕೊಟ್ಟರೆ ಯಾವ ಯೋಜನೆಯ ದುಡ್ಡು ಯಾವ ದಿನ ಯಾವ ಬ್ಯಾಂಕಿಗೆ ಹೋಗಿದೆ ಎಂದು ತೋರಿಸುತ್ತದೆ. ಗೃಹಲಕ್ಷ್ಮಿಯ 2,000 ಬಂದಿಲ್ಲ ಎನ್ನುವ ಹೆಣ್ಣುಮಕ್ಕಳೂ ಮೊದಲು ಇದನ್ನು ನೋಡಬೇಕು. ಅಜ್ಜನ ಮೊಮ್ಮಗನ ಫೋನಿನಲ್ಲಿ ನೋಡಿದಾಗ ಎಲ್ಲ ಗೊತ್ತಾಯಿತು. ದುಡ್ಡು ಕಳೆದುಹೋಗಿರಲಿಲ್ಲ, ಅಷ್ಟೂ ಅಲ್ಲೇ ಇತ್ತು. ಆದರೆ ಆಧಾರಿಗೆ ಮೊಬೈಲ್ ನಂಬರ್ ಜೋಡಣೆಯಾಗದವರು ಎಷ್ಟೋ ಜನ ಇದ್ದಾರೆ. ಅವರಿಗೆ ಒಟಿಪಿಯೇ ಬರುವುದಿಲ್ಲ. ಆಧಾರಿನಲ್ಲಿ ಹುಟ್ಟಿದ ದಿನ ಸುಮ್ನೆ ಜನವರಿ 1 ಎಂದು ಅಂದಾಜಿನಲ್ಲಿ ಬರೆಸಿಕೊಂಡು, ನಿಜವಾದ ವಯಸ್ಸಿಗಿಂತ ಐದಾರು ವರ್ಷ ಚಿಕ್ಕವರಾಗಿರುವ ಅಜ್ಜಿಯರೂ ಇದ್ದಾರೆ. ಬೆನ್ನು ಬಾಗಿದ್ದರೂ ಕಾಗದದಲ್ಲಿ ಇನ್ನೂ ಅರವತ್ತು ತುಂಬಿಲ್ಲ.

ಇನ್ನು ಆದಾಯದ ಮಿತಿ. ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1 ಲಕ್ಷದ 20 ಸಾವಿರ. ಸಾಮಾಜಿಕ ಭದ್ರತಾ ಪಿಂಚಣಿಗೆ 32,000. ಅಂದರೆ ತಿಂಗಳಿಗೆ 2,700 ರೂಪಾಯಿಯೂ ಇಲ್ಲ. ದಿನಕ್ಕೆ 350ರಂತೆ ನೂರು ದಿನ ಕೂಲಿ ಸಿಕ್ಕರೂ 35,000 ಆಗಿಬಿಡುತ್ತದೆ. ಒಂದು ಕೌಂಟರಿನಲ್ಲಿ ಬಡವಳಾದವಳು ಪಕ್ಕದ ಕೌಂಟರಿನಲ್ಲಿ ಬಡವಳಲ್ಲ. ನಿಜವಾದ ಆದಾಯ ಹೇಳಿದ ಕೂಲಿಯವರ ಅರ್ಜಿ ಬಿದ್ದುಹೋಗುತ್ತದೆ, ಹೇಗೋ ಕಡಿಮೆ ಬರೆಸಿಕೊಂಡವರದು ಪಾಸಾಗುತ್ತದೆ. ಮಧ್ಯವರ್ತಿಗಳು ಹುಟ್ಟುವುದು ಇಂಥ ಜಾಗದಲ್ಲೇ. ಸರ್ಕಾರ ಈ ಎರಡು ಮಿತಿಗಳನ್ನು ಒಂದು ಮಾಡಲಿ ಎಂದು ಈ ಪತ್ರದ ಮೂಲಕ ಬೇಡುತ್ತೇನೆ.

ಅರ್ಹರನ್ನು ಹುಡುಕಿ ಕೊಡುವುದು ಸರ್ಕಾರದಿಂದ ಆಗದ ಕೆಲಸವೇ? ಖಂಡಿತ ಅಲ್ಲ. 2021ರಲ್ಲಿ ‘ಮನೆ ಬಾಗಿಲಿಗೆ ಮಾಸಾಶನ’ ಎಂದು ಕಂದಾಯ ಇಲಾಖೆ ಮಾಡಿ ತೋರಿಸಿತು. ಸರ್ಕಾರದ ಹತ್ತಿರವೇ ಇರುವ ಮಾಹಿತಿ ನೋಡಿ 60 ತುಂಬಿದ ಬಡವರನ್ನು ಗುರುತಿಸಿ, ಅವರು ಅರ್ಜಿ ಹಾಕುವ ಮೊದಲೇ ಗ್ರಾಮ ಲೆಕ್ಕಿಗರು ಮನೆಗೆ ಹೋಗಿ ಪಿಂಚಣಿ ಮಾಡಿಕೊಡುವ ಕ್ರಮ ಅದು. ಯಾವ ಪಕ್ಷದ ಸರ್ಕಾರ ಮಾಡಿತು ಎಂಬುದು ನನಗೆ ಮುಖ್ಯವಲ್ಲ. ಈಗ ‘ಕುಟುಂಬ’ ಎಂಬ ಹೆಸರಿನಲ್ಲಿ ರೇಷನ್ ಕಾರ್ಡಿನ ಆಧಾರದ ಮೇಲೆ ಮನೆಮನೆಯ ಮಾಹಿತಿ ಒಂದೇ ಕಡೆ ಇದೆ. ಆ ಮನೆಯಲ್ಲಿ ಯಾರಿಗೆ ಎಷ್ಟು ವಯಸ್ಸು, ಯಾವ ಜಾತಿ, ಎಷ್ಟು ಆದಾಯ, ಯಾವ ಯೋಜನೆ ಆಗಲೇ ಸಿಗುತ್ತಿದೆ ಎಂದು ಕಂಪ್ಯೂಟರಿಗೆ ಗೊತ್ತು. ಹಾಗಿದ್ದ ಮೇಲೆ ಏನು ಸಿಗುತ್ತಿಲ್ಲ ಎಂದೂ ಅದಕ್ಕೆ ಗೊತ್ತಿರಬೇಕಲ್ವಾ?

2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡು ರದ್ದಾದ ಗಲಾಟೆ ನಿಮ್ಮ ಓದುಗರಿಗೆ ನೆನಪಿರಬಹುದು. ಅರ್ಹರಲ್ಲ ಎಂದು ಕಂಪ್ಯೂಟರು ಹೆಸರುಗಳನ್ನು ಬೇಗ ಹುಡುಕಿಕೊಟ್ಟಿತು. ರೇಷನ್ ಅಂಗಡಿ ಮುಂದೆ ನಿಂತ ಮೇಲೆ ಜನಕ್ಕೆ ತಮ್ಮ ಕಾರ್ಡು ಹೋಗಿದೆ ಎಂದು ಗೊತ್ತಾಯಿತು. ಕೊನೆಗೆ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು ಬಿಟ್ಟು ಉಳಿದವರಿಗೆ ವಾಪಸ್ ಕೊಡುತ್ತೇವೆ ಎಂದು ಸರ್ಕಾರವೇ ಹೇಳಬೇಕಾಯಿತು. ತೆಗೆದುಹಾಕಲು ಇರುವ ಜಾಣತನವನ್ನು ಸೇರಿಸಲೂ ಬಳಸಿ ಎಂದಷ್ಟೇ ನಾನು ಕೇಳುವುದು. ಯಾರದ್ದೇ ನೆರವು ನಿಲ್ಲಿಸುವ ಮೊದಲು ಮನೆಗೆ ಒಂದು ನೋಟಿಸು, ಕಾರಣ ಬರೆದು, ಅಂಚೆಯಲ್ಲಿ ಬರಲಿ. ಅಂಚೆಯವರು ಇನ್ನೂ ಎಲ್ಲ ಹಳ್ಳಿಗೂ ಹೋಗುತ್ತಾರೆ.

ಇದಕ್ಕೆಲ್ಲ ಆನ್‌ಲೈನ್ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಇದೆ ನಿಜ. ಕೇಂದ್ರ ಸರ್ಕಾರದ ‘ಮೈಸ್ಕೀಮ್’ 2022ರಲ್ಲಿ ಬಂತು. ವಯಸ್ಸು, ರಾಜ್ಯ, ಆದಾಯ, ಜಾತಿ ಹಾಕಿದರೆ ಹೊಂದುವ ಯೋಜನೆಗಳನ್ನು ತೋರಿಸುತ್ತದೆ. ರಾಜ್ಯದ ಸೇವಾ ಸಿಂಧು ಇದೆ. ಓದಿದ ಮಕ್ಕಳಿಗೆ ಇವು ಒಳ್ಳೆಯ ದಾರಿ. ನಮ್ಮ ಊರಿನ ಡಿಗ್ರಿ ಓದುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ, ರೀಲ್ಸ್ ನೋಡುವ ಹೊತ್ತಿನಲ್ಲಿ ಒಂದರ್ಧ ಗಂಟೆ ನಿಮ್ಮ ಬೀದಿಯ ಒಂದು ಮನೆಗೆ ಕೊಡಿ. ಕಾಲೇಜಿನ ಎನ್ಎಸ್ಎಸ್ ಶಿಬಿರಗಳಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಇದನ್ನೂ ಮಾಡಿಸಬಹುದು. ಆದರೆ ವಾಟ್ಸಾಪಿನಲ್ಲಿ ಬರುವ ‘ಇಲ್ಲಿ ಒತ್ತಿ, 5,000 ಪಡೆಯಿರಿ’ ಎಂಬ ಲಿಂಕುಗಳನ್ನು ಮಾತ್ರ ಯಾರೂ ಮುಟ್ಟಬಾರದು. ನಿಜವಾದ ಯಾವ ಯೋಜನೆಗೂ ಫೋನ್ ಮಾಡಿ ಒಟಿಪಿ ಕೇಳುವುದಿಲ್ಲ.

ಅರ್ಜಿ ಹಾಕಿದವರಿಗೆ ಒಂದು ಮಾತು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸಕಾಲದ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಅದರಲ್ಲಿ ಜಿಎಸ್‌ಸಿ ಎಂಬ ನಂಬರ್ ಇರುತ್ತದೆ. ಸುಮ್ಮನೆ ಅರ್ಜಿ ಇಸಿದುಕೊಂಡು ‘ಆಯ್ತು ಹೋಗಿ’ ಎಂದರೆ ಹೊರಡಬೇಡಿ. ಸಕಾಲ ಎಂದರೆ ಗಡುವಿನೊಳಗೆ ಕೆಲಸ ಮಾಡಿಕೊಡಬೇಕೆಂಬ ರಾಜ್ಯದ ವ್ಯವಸ್ಥೆ, 2012ರಿಂದ ಇದೆ. ಗಡುವು ದಾಟಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕೂ ನಿಮಗಿದೆ. ಪರಿಹಾರ ದೊಡ್ಡದಲ್ಲ, ಆದರೆ ಆ ನಂಬರ್ ಇದ್ದರೆ ಅರ್ಜಿ ಕಳೆದುಹೋಯಿತು ಎಂದು ಹೇಳಲು ಆಗುವುದಿಲ್ಲ. ದೂರಿಗೆ 1902ಕ್ಕೆ ಫೋನ್ ಮಾಡಬಹುದು, ರಾಜ್ಯದ ಜನಸ್ಪಂದನ ಸಹಾಯವಾಣಿ ಅದು.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಬಾಗಿಲು ತಾಲ್ಲೂಕು ಕೋರ್ಟಿನಲ್ಲಿದೆ. ಅಲ್ಲಿನ ಕಾನೂನು ಸೇವಾ ಸಮಿತಿ ಬರೀ ಕೇಸು ನಡೆಸಲು ಇರುವುದಲ್ಲ. ಬಡವರಿಗೆ ಯೋಜನೆಗಳನ್ನು ತಲುಪಿಸಲು ನೆರವಾಗುವುದೂ ಅವರ ಕೆಲಸ, ಅದಕ್ಕೆಂದೇ 2015ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಒಂದು ಯೋಜನೆ ಮಾಡಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಫೋನ್ 15100. ಕೋರ್ಟು ಎಂದರೆ ನಮ್ಮ ಕಡೆ ಜನ ಹೆದರುತ್ತಾರೆ. ಇದಕ್ಕೆ ಹೆದರಬೇಕಿಲ್ಲ.

ಒಂದು ತುರ್ತು ವಿಷಯವನ್ನೂ ಬರೆದುಬಿಡುತ್ತೇನೆ. 2006ರಲ್ಲಿ ಬಡವರ ಮನೆಯ ಹೆಣ್ಣುಮಕ್ಕಳಿಗೆ ಭಾಗ್ಯಲಕ್ಷ್ಮಿ ಬಾಂಡ್ ಶುರುವಾಯಿತು. ಆ ಮೊದಲ ಮಕ್ಕಳಿಗೆ 18 ತುಂಬಿದೆ, ಆಮೇಲೆ ಹುಟ್ಟಿದವರಿಗೆ ಒಬ್ಬೊಬ್ಬರಾಗಿ ತುಂಬುತ್ತಿದೆ. ಟ್ರಂಕಿನ ತಳದಲ್ಲಿ ಸೀರೆ ಮಡಿಕೆಯೊಳಗೆ ಆ ಬಾಂಡ್ ಇಟ್ಟು ಮರೆತವರಿದ್ದಾರೆ. ತೆಗೆದು ನೋಡಿ. ಅಂಗನವಾಡಿಯಲ್ಲಿ ಅಥವಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾ ಕಚೇರಿಯಲ್ಲಿ ವಿಚಾರಿಸಿ. ಮಗಳನ್ನು 18ರೊಳಗೆ ಮದುವೆ ಮಾಡಿದ್ದರೆ ಸಿಗುವುದಿಲ್ಲ, ಓದಿಸಿರಬೇಕು ಎಂಬ ನಿಯಮವೂ ಇದೆ.

ನಾನು ಕೇಳುವುದನ್ನು ನಮ್ಮ ಜಿಲ್ಲಾಡಳಿತ ಮನಸ್ಸು ಮಾಡಿದರೆ ಮಾಡಬಹುದು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ವಾರಕ್ಕೊಂದು ದಿನ, ಸಂತೆಯ ದಿನವಾದರೆ ಇನ್ನೂ ಒಳ್ಳೆಯದು, ಒಬ್ಬರು ಮೇಜು ಹಾಕಿಕೊಂಡು ಕೂರಲಿ. ಬಂದವರನ್ನು ‘ಯಾವ ಯೋಜನೆ ಬೇಕು?’ ಎಂದು ಕೇಳಬಾರದು. ಅದು ಗೊತ್ತಿಲ್ಲದ್ದಕ್ಕೇ ತಾನೇ ಅವರು ಬಂದಿರುವುದು? ‘ನಿಮ್ಮ ಮನೆಯಲ್ಲಿ ಯಾರ್ಯಾರಿದ್ದೀರಿ?’ ಎಂದು ಕೇಳಲಿ. ಗಂಡ ಇದ್ದಾರಾ, ಅತ್ತೆ ಮಾವನಿಗೆ ಎಷ್ಟು ವಯಸ್ಸು, ಅಂಗವಿಕಲರು ಇದ್ದಾರಾ, ಮಕ್ಕಳು ಏನು ಓದುತ್ತಾರೆ, ಏನು ಕೆಲಸ ಮಾಡುತ್ತೀರಿ. ಅಷ್ಟು ಕೇಳಿದರೆ ಏನೇನು ಬರಬೇಕು ಎಂದು ಹೇಳಬಹುದು. ಪಂಚಾಯಿತಿ ಗೋಡೆಯ ಮೇಲೆ ಯೋಜನೆಯ ಹೆಸರು, ಮೊತ್ತ, ಬೇಕಾದ ಕಾಗದ, ಶುಲ್ಕ ಬರೆಸಲಿ. ನೆರವಿನ ಯೋಜನೆಗಳು ಹೇಗೆ ನಡೆಯುತ್ತವೆ, ಯಾರಿಗೆ ಸಿಕ್ಕಿದೆ ಎಂದು ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನೇ ಹೇಳುತ್ತದೆ. ಶುಲ್ಕ ಎಷ್ಟು ಎಂದು ಗೋಡೆ ಮೇಲೆ ಕಂಡರೆ ಮೂರು ಸಾವಿರ ಕೇಳುವವನ ಬಾಯಿ ಮುಚ್ಚುತ್ತದೆ.

ಸಾವಿನ ಮನೆಗೆ ಕೊಡಬೇಕಾದ ಆ ಹಾಳೆಯನ್ನು ನಾನೇ ಬರೆದು ಇಟ್ಟಿದ್ದೇನೆ. ತಾಲ್ಲೂಕು ಕಚೇರಿಯ ಗೆಳತಿಯೊಬ್ಬರು ಓದಿ ತಿದ್ದಿಕೊಟ್ಟಿದ್ದಾರೆ. ನಮ್ಮ ಪಂಚಾಯಿತಿಯ ಮಟ್ಟಿಗೆ ಅಚ್ಚು ಹಾಕಿಸುವ ಖರ್ಚನ್ನು ನನ್ನ ಕೈಯಿಂದ ಕೊಡುತ್ತೇನೆ. ಅದರ ಮೇಲೆ ಪಿಡಿಒ ಅವರ ಸಹಿ ಮತ್ತು ಸೀಲು ಬೇಕು, ಇಲ್ಲದಿದ್ದರೆ ಬ್ಯಾಂಕಿನಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಲಿದ್ದೇನೆ. ಬೇರೆ ಊರಿನವರೂ ತಮ್ಮ ತಮ್ಮ ಗ್ರಾಮಸಭೆಯಲ್ಲಿ ಕೇಳಲಿ ಎಂದು ಇದನ್ನು ಬರೆದಿದ್ದೇನೆ.

ಇಂತಿ,
ನಿವೃತ್ತ ಬ್ರಾಂಚ್ ಪೋಸ್ಟ್‌ಮಾಸ್ಟರ್
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ